ಮೂರು ಬಿಸಿಲಿನ ಲೆಕ್ಕ

ಯುಗಾದಿಯ ಬೇವು-ಬೆಲ್ಲ ಮುಗಿದು ರಾಮನವಮಿಯ ಪಾನಕ, ಕೋಸಂಬರಿ ಬರುವ ಹೊತ್ತಿಗೆ ಮೈಸೂರಿನ ಆಕಾಶವನ್ನು ನಂಬುವಂತಿಲ್ಲ. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಮಧ್ಯಾಹ್ನ ಉಸಿರುಗಟ್ಟಿಸುವ ಸೆಕೆ, ನಾಲ್ಕೂವರೆಗೆ ಧೂಳೆಬ್ಬಿಸುವ ಗಾಳಿ, ಐದಕ್ಕೆ ದಪ್ಪ ದಪ್ಪ ಹನಿ. ನಮ್ಮ ಕುವೆಂಪುನಗರದ ಕಾಂಪ್ಲೆಕ್ಸ್ ಹತ್ತಿರ ನೀರು ಹರಿಯುತ್ತಿದ್ದರೆ ಸರಸ್ವತಿಪುರಂ ರಸ್ತೆಯಲ್ಲಿ ಧೂಳು ಹಾರುತ್ತಿರುತ್ತದೆ. ಇದೇ ಕಾಲ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಯ ಕಾಲವೂ ಹೌದು. ಅಕ್ಕಿ ಸಂಡಿಗೆಗೆ ಮೂರು ಬಿಸಿಲು ಬೇಕು. ಆ ಮೂರು ಬಿಸಿಲು ಸಿಗುತ್ತದೆಯೇ ಎಂದು ಮೊದಲೇ ಹೇಳುವವರು ಯಾರು? ಈ ಸಣ್ಣ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಮೊದಲು ಹೇಳುತ್ತಿದ್ದದ್ದು ಪಂಚಾಂಗ. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಈ ವರ್ಷದ ಮೇಘಾಧಿಪತಿ ಯಾರು, ಸಮುದ್ರಕ್ಕೆ ಎಷ್ಟು ಪಾಲು ಮಳೆ, ಬೆಟ್ಟಕ್ಕೆ ಎಷ್ಟು, ಭೂಮಿಗೆ ಎಷ್ಟು ಎಂದು ಓದುತ್ತಿದ್ದರು. ಈಗಲೂ ಓದುತ್ತಾರೆ. ರೈತಾಪಿ ಜನರ ಬಳಿ ಮಳೆ ನಕ್ಷತ್ರಗಳ ಲೆಕ್ಕವಿತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಏಪ್ರಿಲ್ ನಡುವೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ನಿಮಗೂ ಗೊತ್ತಿರಬಹುದು. ಇದನ್ನು ಬರೀ ನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಮೈಸೂರಿನಲ್ಲಿ ಹೆಚ್ಚು ಮಳೆಯಾಗುವ ತಿಂಗಳುಗಳಲ್ಲಿ ಮೇ ಮತ್ತು ಅಕ್ಟೋಬರ್ ಮುಂದಿವೆ, ಜೂನ್-ಜುಲೈ ಅಲ್ಲ. ಮುಂಗಾರಿನ ಮೋಡ ಕೊಡಗಿನ ಘಟ್ಟದಲ್ಲೇ ಬಹುಪಾಲು ಸುರಿದು ಬರಿಗೈಯಲ್ಲಿ ಇತ್ತ ಬರುತ್ತದೆ. ಗಾದೆ ಕಟ್ಟಿದವರು ಇದನ್ನು ನೋಡಿ ತಿಳಿದವರು. ಆದರೆ ಗಾದೆ ಹದಿನಾಲ್ಕು ದಿನದ ಮಾತು ಹೇಳುತ್ತದೆ, ನಾಳೆಯ ಮಾತು ಹೇಳುವುದಿಲ್ಲ.

ನಾಳೆಯ ಮಾತನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಇಂಗ್ಲೆಂಡಿನ ನೌಕಾಧಿಕಾರಿ ರಾಬರ್ಟ್ ಫಿಟ್ಜ್‌ರಾಯ್. 1861ರ ಆಗಸ್ಟ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಮೊದಲ ಹವಾ ಮುನ್ಸೂಚನೆ ಬಂತು. ಊರೂರಿನಿಂದ ತಂತಿಯಲ್ಲಿ ಬಂದ ಸುದ್ದಿಯನ್ನು ಕೂಡಿಸಿ ಹೇಳಿದ ಅಂದಾಜು ಅದು. ಇದು ಭವಿಷ್ಯವಾಣಿಯಲ್ಲ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ಲೆಕ್ಕ ತಪ್ಪಿದ ದಿನ ಜನ ನಕ್ಕರು. ನಾವೂ ಇಂದಿಗೂ ನಗುತ್ತೇವಲ್ಲ!

ನಮ್ಮಲ್ಲಿ ನಗುವ ಪರಿಸ್ಥಿತಿ ಇರಲಿಲ್ಲ. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಮರುವರ್ಷವೇ ಮಳೆ ಕೈಕೊಟ್ಟು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಎಂದು ನೆನೆಯುತ್ತಿದ್ದ ಮಹಾಕ್ಷಾಮ ಬಂತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾಗಿತ್ತು. ಮಳೆಯನ್ನು ಅಳೆದು ಬರೆದಿಡುವುದು ಪ್ರಾಣದ ಪ್ರಶ್ನೆ ಎಂದು ಎಲ್ಲರಿಗೂ ಅರಿವಾಯಿತು. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ನೇತೃತ್ವದಲ್ಲಿ ಸಂಸ್ಥಾನವೇ ಹವಾಮಾನ ಇಲಾಖೆ ತೆರೆಯಿತು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಾದವು.

ಈ ಅಂಕಿಗಳು ಅಡುಗೆಮನೆಗೆ ಬಂದದ್ದು ರೇಡಿಯೊ ಮೂಲಕ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದ್ದನ್ನು ನಾವು ಮೈಸೂರಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನ್ನ ಕಾಲಕ್ಕೆ ವಾರ್ತೆಯ ಕೊನೆಯಲ್ಲಿ ಹವಾ ವರದಿ ಬಂದೇ ಬರುತ್ತಿತ್ತು. ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ.

ತೊಂಬತ್ತರ ದಶಕದ ಒಂದು ಏಪ್ರಿಲ್. ನಮ್ಮ ಬೀದಿಯ ಅಕ್ಕ ಒಬ್ಬರು ಮದುವೆ ಮನೆಯೊಂದಕ್ಕೆ ಸಂಡಿಗೆ ಒಪ್ಪಿಕೊಂಡಿದ್ದರು. ಗಂಡ ಇರಲಿಲ್ಲ, ಮಗಳ ಕಾಲೇಜು ಫೀಸು ಆ ದುಡ್ಡಿನಲ್ಲೇ ಆಗಬೇಕಿತ್ತು. ಎಂಟು ಸೇರು ಅಕ್ಕಿಯ ಹಿಟ್ಟು ಬೇಯಿಸಿ ಒಂದೇ ದಿನ ಒತ್ತಿದರು. ತಾರಸಿಯ ತುಂಬ ಬಿಳಿ ಪಂಚೆ. ಮಧ್ಯಾಹ್ನ ಬಂದ ಮಳೆ ಹತ್ತು ನಿಮಿಷವೂ ಇರಲಿಲ್ಲ. ನಾವು ನಾಲ್ಕು ಜನ ಓಡಿಹೋದರೂ ಪಂಚೆ ಎತ್ತುವ ಹೊತ್ತಿಗೆ ಸಂಡಿಗೆ ಗಂಜಿಯಾಗಿತ್ತು. “ಸಂಭವ ಅಂದ್ರೆ ಬರುತ್ತೆ ಅಂತಾನೋ ಬರಲ್ಲ ಅಂತಾನೋ, ನೀವೇ ಹೇಳಿ” ಎಂದು ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ತಿಳಿದುಕೊಂಡದ್ದು ಇಷ್ಟು. ‘ಒಂದೆರಡು ಕಡೆ’ ಎಂಬುದು ಹಾರಿಕೆಯ ಮಾತಲ್ಲ, ಅದಕ್ಕೊಂದು ಅಳತೆ ಇದೆ. ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಳೆಯಾದರೆ ಒಂದೆರಡು ಕಡೆ. ಐವತ್ತರವರೆಗೆ ಕೆಲವು ಕಡೆ. ಎಪ್ಪತ್ತೈದರವರೆಗೆ ಹಲವು ಕಡೆ. ಅದಕ್ಕೂ ಮೇಲೆ ಬಹುತೇಕ ಎಲ್ಲ ಕಡೆ. ದಕ್ಷಿಣ ಒಳನಾಡೆಂದರೆ ಕೋಲಾರದಿಂದ ಕೊಡಗಿನವರೆಗೆ, ಚಾಮರಾಜನಗರದಿಂದ ಚಿತ್ರದುರ್ಗದವರೆಗೆ. ಅಷ್ಟಗಲದ ನಾಡಿಗೆ ಒಂದೇ ವಾಕ್ಯ! ಬೇಸಿಗೆಯ ಗುಡುಗು ಮೋಡವೋ ಕೆಲವೇ ಮೈಲಿ ಅಗಲ, ಗಂಟೆಯೊಂದರ ಆಯುಸ್ಸು. ನೆಲ ಕಾದು ಬಿಸಿ ಗಾಳಿ ಮೇಲೇರಿ, ಕಡಲ ಕಡೆಯ ತೇವ ಸೇರಿದಲ್ಲಿ ಅದು ಹುಟ್ಟುತ್ತದೆ. ಯಾವ ಬೀದಿಯ ಮೇಲೆ ಎಂದು ಹಿಂದಿನ ದಿನ ಯಾರೂ ಹೇಳಲಾರರು.

ಇನ್ನೂ ಒಂದು ಸಂಗತಿ. ಇಲಾಖೆಯ ಲೆಕ್ಕದಲ್ಲಿ ‘ಮಳೆ ದಿನ’ ಎನ್ನಿಸಿಕೊಳ್ಳಲು ಬೆಳಿಗ್ಗೆ 8.30ರಿಂದ ಮರುದಿನ 8.30ರೊಳಗೆ 2.5 ಮಿಲಿಮೀಟರ್ ಆದರೂ ಮಳೆ ಬೀಳಬೇಕು. ಸಂಡಿಗೆ ಹಾಳಾಗಲು ಅದರ ಕಾಲುಪಾಲೂ ಬೇಡ. ಬೆಳೆಗೆ, ಅಣೆಕಟ್ಟಿಗೆ, ಕ್ಷಾಮಕ್ಕೆಂದು ಹುಟ್ಟಿದ ಅಳತೆ ಅದು. ತಾರಸಿಯ ಮೇಲಿನ ಹೆಂಗಸಿನ ನಷ್ಟ ಅದರಲ್ಲಿ ಕಾಣುವುದಿಲ್ಲ.

ಹಾಗೆಂದು ಆ ಅಳತೆಯಲ್ಲಿ ಹೆಣ್ಣಿನ ಕೈ ಇಲ್ಲವೆಂದಲ್ಲ. 1918ರಲ್ಲಿ ಪೀರುಮೇಡಿನಲ್ಲಿ ಹುಟ್ಟಿದ ಅನ್ನಾ ಮಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿ, ವಿದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದರು. ಅಳತೆ ತಪ್ಪಾದರೆ ಅಳೆಯದಿರುವುದೇ ವಾಸಿ ಎಂಬ ನಿಷ್ಠೆ ಅವರದು. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು.

ಇಂದು ಮುಂದಿನ ಮೂರು ಗಂಟೆಯ ಮಾತನ್ನು ಜಿಲ್ಲೆವಾರು ಹೇಳುತ್ತಾರೆ, ಮೊಬೈಲಿಗೇ ಬರುತ್ತದೆ. ಸಿಡಿಲಿನ ಎಚ್ಚರಿಕೆಗೆ ಪುಣೆಯ ಸಂಸ್ಥೆಯೊಂದು ರೂಪಿಸಿದ ‘ದಾಮಿನಿ’ ಇದೆ. ಇದನ್ನು ಹಗುರವಾಗಿ ಕಾಣಬೇಡಿ. ಒಣಗಿದ ಬಟ್ಟೆ ತರಲು ಗುಡುಗಿನಲ್ಲಿ ತಾರಸಿ ಹತ್ತುವವರು ನಾವೇ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ ಎಂದರ್ಥ. ಬಟ್ಟೆ ನೆನೆಯಲಿ ಬಿಡಿ.

ನಮ್ಮ ಬೀದಿಯ ಅಕ್ಕ ಮಾತ್ರ ಆ ವರ್ಷವೇ ತಮ್ಮ ದಾರಿ ಬದಲಿಸಿದರು. ಎರಡೆರಡು ಸೇರಿನಂತೆ ನಾಲ್ಕು ಸಲ ಹಿಟ್ಟು ಬೇಯಿಸಿದರು. ಬೆಳಗಿನ ಆರಕ್ಕೆ ಒತ್ತಿ, ಮೋಡ ಕಟ್ಟುವ ಮೊದಲೇ ಎರಡೂವರೆಗೆ ಪಂಚೆ ಎತ್ತಿದರು. ಮೂರು ಬಿಸಿಲು ಐದು ಅರ್ಧ ಬಿಸಿಲಾಯಿತು. ಮದುವೆಗೆ ಸಂಡಿಗೆಯೂ ಮುಟ್ಟಿತು, ಕಾಲೇಜಿಗೆ ಫೀಸೂ ಮುಟ್ಟಿತು. ಸಂಭವ ಎಂಬ ಮಾತಿನ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾವ ಪುಸ್ತಕವೂ ತಿಳಿಸಿಕೊಟ್ಟಿಲ್ಲ.