ಬಾಗ್-ಎ-ಬಾಬರ್, ಕಾಬೂಲ್

ಬೆಟ್ಟದ ಇಳಿಜಾರಿನಲ್ಲಿ ಹಂತ ಹಂತವಾಗಿ ಇಳಿಯುವ ಈ ತೋಟವನ್ನು ಮಾಡಿಸಿದವನು ಮೊಘಲ್ ದೊರೆ ಬಾಬರ್. 1530ರಲ್ಲಿ ಆಗ್ರಾದಲ್ಲಿ ತೀರಿಕೊಂಡ ಅವನ ದೇಹವನ್ನು, ಅವನ ಇಚ್ಛೆಯಂತೆ, ಮುಂದೆ ಇಲ್ಲಿಗೆ ತಂದರು. ಅಮೃತಶಿಲೆಯ ಪುಟ್ಟ ಮಸೀದಿ ಶಹಜಹಾನ್ ಕಟ್ಟಿಸಿದ್ದು.

1990ರ ದಶಕದ ಅಂತರ್ಯುದ್ಧದಲ್ಲಿ ಮರಗಳು ಹೋದವು, ಗೋಡೆಗಳು ಕುಸಿದವು. 2002ರ ನಂತರ ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ ಜೀರ್ಣೋದ್ಧಾರ ಕೈಗೊಂಡಿತು. ಸುತ್ತುಗೋಡೆಯನ್ನು ದಯವಿಟ್ಟು ಹತ್ತಿರ ನಿಂತು ನೋಡಿ. ತುಳಿದು ಹದಮಾಡಿದ ಮಣ್ಣನ್ನು ಒಂದು ವರಸೆ ಇಟ್ಟು, ಅದು ಒಣಗಿದ ಮೇಲೆ ಇನ್ನೊಂದನ್ನು ಏರಿಸುವ ಹಳೆಯ ಕ್ರಮದಲ್ಲೇ ಊರಿನ ಕೆಲಸಗಾರರು ಇದನ್ನು ಎಬ್ಬಿಸಿದ್ದಾರೆ. ತೋಟದಲ್ಲಿ ಇದಕ್ಕಿಂತ ಚೆಂದದ ಕೆಲಸ ಇನ್ನೊಂದಿಲ್ಲ. ಏಪ್ರಿಕಾಟ್, ಅಕ್ರೋಟು, ಹಿಪ್ಪುನೇರಳೆ ಗಿಡಗಳನ್ನೂ ಮತ್ತೆ ನೆಟ್ಟರು. ನಡುಗಾಲುವೆಗೆ ನೀರು ಹರಿಸಿದರು.

ಬಾಬರನ ಸಮಾಧಿ ಮಸೀದಿಗಿಂತ ಮೇಲಿನ ಹಂತದಲ್ಲಿದೆ. ನಿಧಾನವಾಗಿ ಹತ್ತಿ, ನೆರಳಿದ್ದಲ್ಲಿ ಕೂತು ಹೋಗಿ.