ಕನ್ನಡಿ ಮನೆಗೆ ಬಂತು, ಕಾವಲುಗಾರ ಬರಲಿಲ್ಲ

ನಮ್ಮ ಬಳಗದ ಫೋಟೊ, ಆಡಿಯೊಗಳೆಲ್ಲ ಇದ್ದದ್ದು ತಾಲೂಕು ಕೇಂದ್ರದ ಒಂದು ಮನೆಯ ಕಂಪ್ಯೂಟರಿನಲ್ಲಿ. ಎಂಟು ವರ್ಷದ ಸರಕು ಅದು. ಬರದ ವರ್ಷದ ಟ್ಯಾಂಕರ್ ಸಾಲು, ಕೆರೆ ಕೋಡಿ ಬಿದ್ದ ದಿನ, ಗ್ರಾಮಸಭೆಯ ಜಗಳ, ಜಾತ್ರೆ, ತೇರು. ಪತ್ರಿಕೆಯಲ್ಲಿ ಅಚ್ಚಾದದ್ದು ಅದರಲ್ಲಿ ಹತ್ತಕ್ಕೊಂದೂ ಇಲ್ಲ. ಉಳಿದದ್ದು ಕಳೆಯಬಾರದೆಂದು ನಾವೆಲ್ಲ ದುಡ್ಡು ಸೇರಿಸಿ ಒಂದೇ ಅಳತೆಯ ಎರಡು ಹಾರ್ಡ್ ಡಿಸ್ಕ್ ತಂದು ‘ಮಿರರ್’ ಮಾಡಿಸಿದ್ದೆವು. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಒಂದು ಕೆಟ್ಟರೆ ಇನ್ನೊಂದಿದೆ ಎಂದು ನೆಮ್ಮದಿಯಾಗಿದ್ದೆವು.

ಒಂದು ಬೆಳಿಗ್ಗೆ ಕಂಪ್ಯೂಟರ್ ಶುರುವಾಗಲೇ ಇಲ್ಲ. ರಿಪೇರಿ ಅಂಗಡಿಯವರು ಎರಡೂ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ನೋಡಿದರು. “ಇದೊಂದು ಈಗ ಹೋಗಿದೆ ಸರ್. ಇನ್ನೊಂದು ಎಂಟು ತಿಂಗಳ ಹಿಂದೇನೇ ಜೋಡಿ ಬಿಟ್ಟು ಆಚೆ ಬಂದಿದೆ. ನೀವು ಯಾರೂ ನೋಡಲೇ ಇಲ್ವಾ?” ಎಂದರು.

ಯಾರೂ ನೋಡಿರಲಿಲ್ಲ. ಕಾಯಬೇಕಾದ ವ್ಯವಸ್ಥೆಯೇ ಎಂಟು ತಿಂಗಳು ಕುಂಟುತ್ತಿದ್ದದ್ದು ನಮಗೇಕೆ ತಿಳಿಯಲಿಲ್ಲ? ಉತ್ತರ ಹುಡುಕುತ್ತಾ ಹೋದಾಗ ಈ ಕನ್ನಡಿಯ ಚರಿತ್ರೆಯೇ ಬಿಚ್ಚಿಕೊಂಡಿತು.

ಮೊದಲ ವಾಣಿಜ್ಯ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. ರಾಮ್ಯಾಕ್ ಎಂಬ ಆ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಇಂದಿನ ಮೊಬೈಲಿನ ಒಂದೆರಡು ಫೋಟೊದಷ್ಟು. ತಿರುಗುವ ತಟ್ಟೆ, ಅದರ ಮೇಲೆ ಆಡುವ ಓದು ಮುಳ್ಳು. ಇಂಥ ಯಂತ್ರ ಎಂದಾದರೂ ಕೆಡಲೇಬೇಕು.

ಕೆಟ್ಟರೂ ಕೆಲಸ ನಿಲ್ಲಬಾರದೆಂಬ ಬೇಡಿಕೆ ಮೊದಲು ಬಲವಾಗಿ ಕೇಳಿಬಂದದ್ದು ಬ್ಯಾಂಕಿನಂಥ ಕಡೆಗಳಿಂದ. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ಟ್ಯಾಂಡೆಮ್ ಕಂಪನಿ 1976ರಲ್ಲಿ ತನ್ನ ಮೊದಲ ‘ನಾನ್‌ಸ್ಟಾಪ್’ ಯಂತ್ರವನ್ನು ಸಿಟಿಬ್ಯಾಂಕಿಗೆ ಕೊಟ್ಟಿತು. ಅದರಲ್ಲಿ ಪ್ರೊಸೆಸರ್‌ನಿಂದ ಹಿಡಿದು ಎಲ್ಲಕ್ಕೂ ಜೋಡಿ ಇರುತ್ತಿತ್ತು. ಡಿಸ್ಕ್‌ಗೂ ಕನ್ನಡಿ ಡಿಸ್ಕ್ ಇತ್ತು. ಆದರೆ ಅಂಥ ಯಂತ್ರಗಳ ಕೋಣೆಯಲ್ಲಿ ಆಪರೇಟರ್ ಇರುತ್ತಿದ್ದರು. ಡಿಸ್ಕ್ ಹೋದರೆ ಅವರಿಗೆ ತಿಳಿಯುತ್ತಿತ್ತು, ಬದಲಿಸಲು ಎಂಜಿನಿಯರ್ ಬರುತ್ತಿದ್ದರು. ಕನ್ನಡಿಯ ಜೊತೆಗೇ ಕಾವಲೂ ಇತ್ತು.

ಮುಂದಿನ ದೊಡ್ಡ ತಿರುವು 1988ರದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಒಂದು ಪ್ರಬಂಧ ಮಂಡಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕ್ ಬದಲು ಪಿಸಿಗಳಿಗೆ ಬರುವ ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಗುಂಪಾಗಿ ಬಳಸೋಣ ಎಂಬುದು ಅವರ ವಾದ. ‘ರೇಡ್’ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಅವರು ಐದು ಬಗೆಗಳನ್ನು ವಿವರಿಸಿದರು. ಕನ್ನಡಿ ಅದರಲ್ಲಿ ಮೊದಲನೆಯದು. ರೇಡ್‌ನ ನಡುವಿನ ಅಕ್ಷರಕ್ಕೆ ಆಗ ‘ಅಗ್ಗದ’ ಎಂದು ಅರ್ಥವಿತ್ತು. ಆಮೇಲೆ ಉದ್ಯಮದವರು ಅದನ್ನು ‘ಸ್ವತಂತ್ರ’ ಎಂದು ಬದಲಿಸಿಕೊಂಡರು.

ಆ ಪ್ರಬಂಧದ ಒಂದು ಲೆಕ್ಕ ನಮ್ಮನ್ನು ತಡೆದು ನಿಲ್ಲಿಸಿತು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದಿಟ್ಟುಕೊಳ್ಳಿ. ಅಂಥ 100 ಡಿಸ್ಕ್ ಸುಮ್ಮನೆ ಜೋಡಿಸಿದರೆ ಸರಾಸರಿ 300 ಗಂಟೆಗೆ, ಎರಡು ವಾರ ತುಂಬುವ ಮೊದಲೇ, ಒಂದು ಕೆಡುತ್ತದೆ. ಅದೇ ನೂರಕ್ಕೂ ಕನ್ನಡಿ ಇಟ್ಟರೆ ಬಾಳಿಕೆ 45 ಲಕ್ಷ ಗಂಟೆಗೆ, ಅಂದರೆ 500 ವರ್ಷಕ್ಕೂ ಮೇಲೆ ಏರುತ್ತದೆ. ಆದರೆ ಈ 500 ವರ್ಷದ ಹಿಂದೆ ಒಂದು ಷರತ್ತಿದೆ. ಕೆಟ್ಟ ಡಿಸ್ಕ್ ಸರಾಸರಿ ಒಂದು ಗಂಟೆಯಲ್ಲಿ ಸರಿಹೋಗಬೇಕು. ದುರಸ್ತಿಗೆ ಹಿಡಿಯುವ ಸಮಯ ಹೆಚ್ಚಿದಷ್ಟೂ ಬಾಳಿಕೆ ಇಳಿಯುತ್ತದೆ. ಅವರು ಒಂದು ಗಂಟೆ ಇಟ್ಟ ಜಾಗದಲ್ಲಿ ನಾವು ಎಂಟು ತಿಂಗಳು, ಅಂದರೆ ಸುಮಾರು 5,800 ಗಂಟೆ ಇಟ್ಟಿದ್ದೆವು.

ಕನ್ನಡಿ ಮನೆಯೊಳಗೆ ಬಂದದ್ದು 2000ದ ಆಸುಪಾಸಿನಲ್ಲಿ. ಮದರ್‌ಬೋರ್ಡ್ ಮೇಲೆಯೇ ರೇಡ್ ಚಿಪ್ ಕೂರಿಸಿ ಮಾರತೊಡಗಿದರು. 2004ರಲ್ಲಿ ಇಂಟೆಲ್ ತನ್ನ ಚಿಪ್‌ಸೆಟ್‌ನಲ್ಲೇ ‘ಮ್ಯಾಟ್ರಿಕ್ಸ್ ರೇಡ್’ ಕೊಟ್ಟಿತು. ವಿಂಡೋಸ್ ಎಕ್ಸ್‌ಪಿ ಹಾಕುವಾಗ ಎಫ್6 ಒತ್ತಿ ಫ್ಲಾಪಿಯಿಂದ ರೇಡ್ ಡ್ರೈವರ್ ಕೊಡಬೇಕಿದ್ದ ಕಾಲವನ್ನು ನಮ್ಮಲ್ಲಿ ಕೆಲವರು ಕಂಡಿದ್ದೇವೆ. ಬಹುಪಾಲು ಇಂಥ ಚಿಪ್‌ಗಳಲ್ಲಿ ನಿಜವಾದ ಕೆಲಸ ಮಾಡುವುದು ಡ್ರೈವರ್ ಸಾಫ್ಟ್‌ವೇರ್. ಬ್ಯಾಂಕಿನ ಯಂತ್ರದ ಉಪಾಯ ಹೀಗೆ ಅಗ್ಗವಾಗಿ ಮನೆಗೆ ಬಂತು. ಆಪರೇಟರ್ ಮಾತ್ರ ಬರಲಿಲ್ಲ. ಅವರ ಬದಲಿಗೆ ಉಳಿದದ್ದು ಕಂಪ್ಯೂಟರ್ ಶುರುವಾಗುವಾಗ ಎರಡು ಮೂರು ಸೆಕೆಂಡ್ ಮಿನುಗುವ ‘ಡಿಗ್ರೇಡೆಡ್’ ಎಂಬ ಒಂದು ಪದ. ನಮ್ಮ ಮಾನಿಟರ್ ಬೆಳಕಾಗುವಷ್ಟರಲ್ಲಿ ಅದು ಹೋಗಿಬಿಡುತ್ತಿತ್ತು. ಲಿನಕ್ಸ್‌ನಲ್ಲಿ ಎಂಡಿಅಡ್ಮ್ ಎಂಬ ಸಾಧನ ಡಿಸ್ಕ್ ಹೋದರೆ ಈಮೇಲ್ ಕಳಿಸಬಲ್ಲದು. ಆದರೆ ಆ ಈಮೇಲ್ ಹೊರಗೆ ಹೋಗುವಂತೆ ವ್ಯವಸ್ಥೆ ಮಾಡಿಟ್ಟ ಮನೆಗಳೆಷ್ಟು?

ಗಾರ್ತ್ ಗಿಬ್ಸನ್ 2007ರಲ್ಲಿ ಮತ್ತೆ ಈ ಕಥೆಯೊಳಗೆ ಬರುತ್ತಾರೆ. ಬಿಯಾಂಕಾ ಶ್ರೋಡರ್ ಜೊತೆ ಅವರು ಬಳಕೆಯಲ್ಲಿದ್ದ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ಪರಿಶೀಲಿಸಿದರು. ತಯಾರಕರ ಕಾಗದದ ಪ್ರಕಾರ ವರ್ಷಕ್ಕೆ ಕೆಡಬೇಕಾದದ್ದು ಹೆಚ್ಚೆಂದರೆ ನೂರಕ್ಕೆ 0.88. ಆದರೆ ನೂರಕ್ಕೆ 2ರಿಂದ 4 ಬದಲಿಸಬೇಕಾಗುವುದು ಸಾಮಾನ್ಯವಾಗಿತ್ತು. ಇನ್ನೂ ಮುಖ್ಯವಾದದ್ದು, ಡಿಸ್ಕ್‌ಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕೆಡುತ್ತವೆ ಎಂಬ ಹಳೆಯ ಊಹೆ ನಿಲ್ಲಲಿಲ್ಲ. ಒಂದು ಹೋದ ಹತ್ತಿರದಲ್ಲೇ ಮತ್ತೊಂದು ಹೋಗುವುದು ಆ ಊಹೆ ಹೇಳುವುದಕ್ಕಿಂತ ಹೆಚ್ಚು. ನಮ್ಮ ಎರಡೂ ಡಿಸ್ಕ್ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು. ಒಂದೇ ಧೂಳು, ಒಂದೇ ಕರೆಂಟಿನ ಏರಿಳಿತ ತಿಂದವು.

ಈಗ ನಮ್ಮ ಡಿಸ್ಕ್ ವಿಷಯಕ್ಕೆ ಬರೋಣ. ಎಂಟು ತಿಂಗಳ ಹಿಂದೆ ಜೋಡಿ ಬಿಟ್ಟಿದ್ದ ಡಿಸ್ಕ್ ಸತ್ತಿರಲೇ ಇಲ್ಲ! ಮನೆ ಬಳಕೆಯ ಡಿಸ್ಕ್ ಒಂದು ಜಾಗ ಓದಲಾಗದಿದ್ದರೆ ಪಟ್ಟುಬಿಡದೆ ಪ್ರಯತ್ನಿಸುತ್ತಲೇ ಇರುತ್ತದೆ. ರೇಡ್‌ಗೆಂದೇ ಮಾಡಿದ ಡಿಸ್ಕ್ ಕೆಲವೇ ಸೆಕೆಂಡಿನಲ್ಲಿ ಕೈಚೆಲ್ಲಿ ತಪ್ಪು ಒಪ್ಪಿಕೊಳ್ಳುತ್ತದೆ. ಮೊದಲನೆಯದರ ಮೌನ ಕಂಡು ರೇಡ್ ಅದನ್ನು ಸತ್ತಿದೆಯೆಂದು ಹೊರಹಾಕಬಹುದು. ಸಡಿಲ ಕೇಬಲ್ ಕೂಡ ಇದನ್ನೇ ಮಾಡಿಸುತ್ತದೆ. ನಮ್ಮದರಲ್ಲಿ ಯಾವುದು ಕಾರಣವೋ, ಡಿಸ್ಕ್ ಮಾತ್ರ ಓದಿತು. ಎಂಟು ತಿಂಗಳ ಹಿಂದಿನವರೆಗಿನದು ಪೂರ್ತಿ ಸಿಕ್ಕಿತು. ಆಮೇಲಿನದು ಹೋಯಿತು. ಹೋದದ್ದರಲ್ಲಿ ಸೋಬಾನೆ ಹಾಡುತ್ತಿದ್ದ ಅಜ್ಜಿಯೊಬ್ಬರ ಮೂರು ಗಂಟೆಯ ರೆಕಾರ್ಡಿಂಗ್ ಇತ್ತು. ಅಜ್ಜಿ ಈಗಿಲ್ಲ.

ಇದರಿಂದ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇವೆ. ‘ಡಿಗ್ರೇಡೆಡ್’ ಎಂದು ಕಂಡರೆ ಮೊದಲು ‘ರೀಬಿಲ್ಡ್’ ಒತ್ತಬೇಡಿ. ಬದುಕಿರುವ ಡಿಸ್ಕ್‌ನಲ್ಲಿರುವುದನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ರೀಬಿಲ್ಡ್ ಎಂದರೆ ಉಳಿದಿರುವ ಒಂದೇ ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಓದಿಸುವುದು. ದಣಿದ ಡಿಸ್ಕ್ ಅಲ್ಲೇ ಕುಸಿಯಬಹುದು. ಎರಡೂ ಡಿಸ್ಕ್‌ಗಳ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಯಾವುದು ಹೊಸದು, ಯಾವುದು ಹಿಂದುಳಿದದ್ದು ಎಂದು ಗೊತ್ತಾಗದೆ ತಿರುಗುಮುರುಗು ಮಾಡಿದರೆ ಹಳೆಯದು ಹೊಸದನ್ನು ಅಳಿಸಿಬಿಡುತ್ತದೆ. ಡಿಸ್ಕ್ ಎಸೆಯುವ ಮೊದಲು ಕೇಬಲ್ ಬದಲಿಸಿ ನೋಡಿ. ಇನ್ನೊಂದು ಮಾತು: ನೀವು ತಪ್ಪಿ ಅಳಿಸಿದ ಫೈಲನ್ನು ಕನ್ನಡಿಯೂ ಅದೇ ಕ್ಷಣ ಅಳಿಸುತ್ತದೆ. ವೈರಸ್ ಬಂದರೂ ಅಷ್ಟೆ. ಕನ್ನಡಿ ಕಾಯುವುದು ಒಂದು ಡಿಸ್ಕ್ ಸಾಯುವುದರಿಂದ ಮಾತ್ರ.

ಈಗ ನಮ್ಮ ಸಂಗ್ರಹದ ಮೂರನೆಯ ಪ್ರತಿ ಇನ್ನೊಂದು ಊರಿನ ಮನೆಯಲ್ಲಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಎರಡೂ ಡಿಸ್ಕ್ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಸಹಿ ಹಾಕುತ್ತಾರೆ. ಈ ತಿಂಗಳ ಸರದಿ ಮುಗಿದಿದೆ. ಎರಡೂ ಸರಿಯಾಗಿವೆ.