ಗೋ-ಲೈವ್ ಆದ ಮಾರನೇ ದಿನ

ಗೋ-ಲೈವ್ ದಿನ ಕೇಕ್ ಕಟ್ ಮಾಡ್ತೀವಿ, ಗ್ರೂಪ್ ಫೋಟೋ ತೆಗೆಸ್ಕೋತೀವಿ. ಮುಂದಿನ ವಾರ ಎರಡು ದಿನ ಕೆಟಿ. ಸಪೋರ್ಟ್ ಟೀಮಿನವರು ಕ್ಯಾಮೆರಾ ಆಫ್ ಮಾಡ್ಕೊಂಡು ಕೇಳ್ತಾರೆ. ಆಮೇಲೆ ಕಟ್ಟಿದವರೆಲ್ಲ ದಿಕ್ಕಿಗೊಬ್ಬರು. ನಾನು ಹಾಗೆ ಕೈತೊಳೆದುಕೊಂಡು ಬಂದಿದ್ದ ಒಂದು ಸಾಫ್ಟ್‌ವೇರ್ ಬಗ್ಗೆ ಎರಡು ವರ್ಷದ ನಂತರ, ರಾತ್ರಿ ಹನ್ನೊಂದಕ್ಕೆ, ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಸರ್, ಈ ಬ್ಯಾಚ್ ಜಾಬ್ ಯಾಕೆ ಎರಡು ಸಲ ಓಡುತ್ತೆ?" ನನಗೆ ನೆನಪೇ ಇರಲಿಲ್ಲ. ನಾಚಿಕೆ ಆಯ್ತು.

ಈ 'ಮುಗಿಸಿ ಹೊರಡೋ' ಲೆಕ್ಕ ಸಾಫ್ಟ್‌ವೇರಿನದ್ದಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನೋ ವಿಧಾನ ರೂಪಿಸಿತು. ಯಾವ ಕೆಲಸ ಯಾವುದರ ನಂತರ, ಎಷ್ಟು ವಾರ ಅಂತ ನಕ್ಷೆ ಹಾಕೋದು. ಕ್ಷಿಪಣಿಗೆ, ಅಣೆಕಟ್ಟಿಗೆ ಅದು ಸರಿ. ಅದೇ ಅಳತೆಯ ಅಂಗಿಯನ್ನು ಸಾಫ್ಟ್‌ವೇರಿಗೂ ತೊಡಿಸಿದರು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಚಿತ್ರ ಬರೆದು, ಹೀಗೇ ಮಾಡಿದರೆ ಅಪಾಯ ಅಂತಲೂ ಅದೇ ಪ್ರಬಂಧದಲ್ಲಿ ಹೇಳಿದ್ದರು. ಜನ ಚಿತ್ರ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು.

2001ರಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಟೀಮಿನ ಒಳಗಿನ ಕೆಲಸದ ರೀತಿ ಬದಲಾಯ್ತು ನಿಜ. ಆದರೆ ಬಹಳ ಕಡೆ ದುಡ್ಡು ಮಂಜೂರಾಗ್ತಿದ್ದುದು ಮೊದಲಿನ ಹಾಗೇ: ಶುರುವಿನ ತಾರೀಖು, ಕೊನೆಯ ತಾರೀಖು, ಇಷ್ಟು ಜನ. 2006ರಲ್ಲಿ ಅಮೆಜಾನ್‌ನ ವರ್ನರ್ ವೋಗಲ್ಸ್, ತಮ್ಮಲ್ಲಿ ಕಟ್ಟಿದವರೇ ನಡೆಸಬೇಕು ಅಂದಾಗ ಮಾತು ಬೇರೆ ದಾರಿಗೆ ಹೊರಳಿತು.

ಯಾಕೆ ಹಾಗೆ ಅನ್ನೋದು 2013ರಲ್ಲಿ ಊರಿಗೆಲ್ಲ ಕಾಣಿಸ್ತು. ಒಬಾಮಾ ಸರ್ಕಾರದ ಆರೋಗ್ಯ ವಿಮೆಯ ತಾಣ ಹೆಲ್ತ್‌ಕೇರ್ ಡಾಟ್ ಗವ್ ಅಕ್ಟೋಬರ್ 1ಕ್ಕೆ ಶುರುವಾಯ್ತು. ಮೊದಲ ದಿನ ನೋಂದಣಿ ಮುಗಿಸಲು ಆದದ್ದು 6 ಜನಕ್ಕೆ. ಆರು ಲಕ್ಷ ಅಲ್ಲ, ಆರು ಜನ! ಕಟ್ಟಿದ್ದು 50ಕ್ಕೂ ಹೆಚ್ಚು ಗುತ್ತಿಗೆ ಕಂಪನಿಗಳು. ಅದೇ ತಿಂಗಳ 24ರಂದು ಮುಖ್ಯ ಗುತ್ತಿಗೆದಾರರು ಸಂಸತ್ತಿನ ಸಮಿತಿ ಮುಂದೆ ಕೂತರು. ಅವರ ಮಾತಿನ ಸಾರ: ನಮ್ಮ ಭಾಗ ಸರಿಯಾಗೇ ಇದೆ. ಸುಳ್ಳೂ ಇರಲಿಕ್ಕಿಲ್ಲ. ಪ್ರತಿಯೊಬ್ಬರ ಪ್ರಾಜೆಕ್ಟೂ ಮುಗಿದಿತ್ತು. ಇಡೀ ತಾಣ ನನ್ನದು ಅನ್ನೋರು ಮಾತ್ರ ಯಾರೂ ಇರಲಿಲ್ಲ. ಅತ್ತ ಬ್ರೌಸರ್ ಮುಂದೆ ಕೂತವರಲ್ಲಿ ಕಾಯಿಲೆ ಇದ್ದು ವಿಮೆ ಸಿಗದವರೂ ಇದ್ದರು.

ರಿಪೇರಿಗೆ ಬಂದವರಲ್ಲಿ ಗೂಗಲ್‌ನ ಮೈಕಿ ಡಿಕರ್ಸನ್ ಒಬ್ಬರು. ಅವರ ವಾರ್ ರೂಮಿನ ನಿಯಮಗಳು ಬಹಳ ಸರಳ: ಮೀಟಿಂಗ್ ಇರೋದು ಸಮಸ್ಯೆ ಬಿಡಿಸೋಕೆ, ತಪ್ಪು ಹೊರಿಸೋಕಲ್ಲ. ಮಾತಾಡಬೇಕಾದವರು ವಿಷಯ ಹೆಚ್ಚು ಗೊತ್ತಿರೋರು, ಹುದ್ದೆ ದೊಡ್ಡದಿರೋರಲ್ಲ. ಡಿಸೆಂಬರ್ ಹೊತ್ತಿಗೆ ಹೆಚ್ಚಿನವರಿಗೆ ತಾಣ ಕೆಲಸ ಮಾಡ್ತಿತ್ತು. ಪ್ರಾಜೆಕ್ಟ್ ಲೆಕ್ಕದಲ್ಲಿ ಇಲ್ಲಿಗೆ ಕೇಕ್ ಕಟ್ ಆಗಬೇಕು. ಆದರೆ ಒಂದು ಸಣ್ಣ ತಂಡ ಅಲ್ಲೇ ಉಳಿದು, ಜನ ಎಲ್ಲಿ ಸುಸ್ತಾಗಿ ಬಿಟ್ಟುಹೋಗ್ತಾರೆ ಅಂತ ನೋಡುತ್ತಾ, 76 ಪರದೆಗಳ ಅರ್ಜಿಯನ್ನು ಬಹುತೇಕರಿಗೆ 16ಕ್ಕೆ ಇಳಿಸಿತು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆಗೋದು ಆ ಸಾಹಸಕ್ಕಿಂತ ಈ ಬೋರಿಂಗ್ ಭಾಗವೇ.

ನಮ್ಮ ಬೆಂಗಳೂರಲ್ಲಿ ಈಗ ಎಲ್ಲರೂ ಪ್ರಾಡಕ್ಟ್ ಓನರ್‌ಗಳೇ. ಬಿಲ್ಲಿಂಗ್ ಮಾತ್ರ ಎಷ್ಟೋ ಕಡೆ ಇನ್ನೂ ತಲೆಲೆಕ್ಕದಲ್ಲಿ, ಕಾಂಟ್ರಾಕ್ಟಿನ ಕೊನೆಯ ತಾರೀಖಿನ ತನಕ. ಓನರ್ ಅನ್ನಿಸಿಕೊಂಡವರು ಮಾರ್ಚ್ ಮುಗಿದರೆ ಬೆಂಚಿನಲ್ಲಿ.

ಅಂದು ಫೋನ್ ಮಾಡಿದ್ದ ಹುಡುಗಿ ಈಗ ಬೇರೆ ಕಡೆ ಇದ್ದಾಳೆ. ಹೊರಡುವಾಗ ಅವಳೂ ಎರಡು ದಿನ ಕೆಟಿ ಕೊಟ್ಟಳಂತೆ. ಜಾಬ್ ಇನ್ನೂ ಎರಡು ಸಲ ಓಡ್ತಿದೆ.